ಬುಗ್ಗೆಯಲ್ಲಿ ಬೆಂದ ಮುದ್ದೆ

ಮೇ 15, ಬುಧವಾರ. ಮಣಿಕರಣ್, ಹಿಮಾಚಲ.

ಅವ್ವ ಇವತ್ತು ಒಂದು ಮುದ್ದೆ ಪೂರ್ತಿ ಉಂಡಳು. ನಾನು ಜೀಪು ಗೊತ್ತುಮಾಡಲು ಹೋಗಿದ್ದಾಗ ನನ್ನ ಹೆಂಡತಿ ಜಯಶೀಲಾ ಫೋನಿನಲ್ಲಿ ತಿಳಿಸಿದಳು.

ಎರಡು ದಿನ ಅವ್ವ ಚಪಾತಿ ಮುಟ್ಟಿರಲಿಲ್ಲ, ಬರೀ ಚಹಾ. ಇವತ್ತೂ ಉಣ್ಣದಿದ್ದರೆ ನಾಳೆ ಖೀರಗಂಗಾ ಬೆಟ್ಟ ಹತ್ತುವುದು ಬೇಡ, ಊರಿಗೆ ಹಿಂದಿರುಗೋಣ ಎಂದುಕೊಂಡಿದ್ದೆ. ಮೂವತ್ತು ವರ್ಷ ಕುರಿ ಕಾಯ್ದವಳು, ಹಿಮದ ಬೆಟ್ಟದಲ್ಲಿ ಕುರಿ ಮೇಯುವುದನ್ನು ನೋಡಲೆಂದೇ ಬಂದವಳು. ಅವಳಿಗೆ ಹೇಳಲು ಬಾಯಿ ಬಂದಿರಲಿಲ್ಲ.

ಇಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು ಬೇಯಿಸುತ್ತಾರೆ. ಅವ್ವ ಅದನ್ನು ನೋಡಿ, ನಮ್ಮೂರು ಧರ್ಮಪುರದಿಂದ ತಂದಿದ್ದ ರಾಗಿಹಿಟ್ಟನ್ನೂ ಹಾಗೇ ಕಟ್ಟಿ ಇಳಿಬಿಟ್ಟಳಂತೆ. ಮೇಲೆತ್ತಿದರೆ ಹೊರಗೆ ಅಂಟು, ಒಳಗೆ ಒಣಹಿಟ್ಟು.

“ಅತ್ತೆ, ಇದನ್ನ ನಿಮ್ ಕುರಿನೂ ಮೂಸಲ್ಲ.”

“ಸುಮ್ನಿರೇ. ಅಕ್ಕಿ ಬೇಯೋ ನೀರಾಗೆ ರಾಗಿ ಬೇಯಲ್ಲ ಅಂದ್ರೆ ಹೆಂಗೆ?”

ಪಕ್ಕದಲ್ಲಿ ಬೇಳೆ ಬೇಯಿಸುತ್ತಿದ್ದ ಸ್ಥಳೀಯ ಅಜ್ಜಿಯೊಬ್ಬರು ನಕ್ಕು, ಇನ್ನೊಂದು ಪಾತ್ರೆಗೆ ನೀರು ತುಂಬಿ ಬುಗ್ಗೆಯಲ್ಲಿ ಕೂರಿಸಿಕೊಟ್ಟರಂತೆ. ಇವರ ಮಾತು ಅವರಿಗೆ ತಿಳಿಯದು, ಅವರದು ಇವರಿಗೆ. ನೀರು ಕಾದ ಮೇಲೆ ಅವ್ವ ಹಿಟ್ಟು ಹಾಕಿ, ಬೆಟ್ಟ ಹತ್ತಲು ಕೊಂಡಿದ್ದ ಬಿದಿರುಕೋಲನ್ನು ತೊಳೆದು ಅದರಿಂದಲೇ ತಿರುವಿದಳು. ಅಜ್ಜಿಯ ಬೇಳೆಯಲ್ಲಿ ಅದ್ದಿ ನುಂಗಿದಳು.

ನಾನು ಹೋಗುವಷ್ಟರಲ್ಲಿ ಅಜ್ಜಿ ಹೊರಟುಹೋಗಿದ್ದರು. ಹೆಸರು ಕೇಳಲು ಯಾರಿಗೂ ಹೊಳೆದಿಲ್ಲ. ಅವರ ಋಣ ದೊಡ್ಡದು, ಇಲ್ಲಾದರೂ ಬರೆದಿಟ್ಟಿರುತ್ತೇನೆ.

ಅವ್ವ ಕೋಲನ್ನು ಮತ್ತೆ ತೊಳೆದು ಬಾಗಿಲ ಬಳಿ ಒರಗಿಸಿ ಮಲಗಿದ್ದಾಳೆ. ಬೆಳಗ್ಗೆ ಆರೂವರೆಗೆ, ಖೀರಗಂಗಾದ ನಡಿಗೆ ಶುರುವಾಗುವ ಬರ್ಶೈಣಿಗೆ ಜೀಪು. ಮೂರು ಸೀಟು.