ಶಾಂಭವಿ ಅಕ್ಕನಾಗುತ್ತಾಳೆ

ಸಿರಿಗೇರಿ
ಸೋಮವಾರ

ಅತ್ತೆಯವರಿಗೆ ಶೈಲಜಾಳ ಶರಣುಗಳು.

"ಮೊದಲ ಮಗಳು ಹಿಂಗ ಹುಟ್ಯಾಳ. ಇನ್ನೊಂದೂ ಹಂಗ ಆದ್ರ ಯಾರು ನೋಡ್ಕೋತಾರ? ತಗಿಸಿಬಿಡವ್ವ" ಎಂದು ನೀವು ಸಿಟ್ಟಿನಿಂದ ಬಾದನಹಟ್ಟಿಗೆ ನಾದಿನಿಯ ಮನೆಗೆ ಹೋದಿರಿ. ಆಮೇಲೆ ನಿಮ್ಮ ಮಗ ನನ್ನನ್ನು ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದರು. ಹೊಟ್ಟೆಗೆ ಸೂಜಿ ಚುಚ್ಚುತ್ತಾರೆಂದು ಹೆದರಿದ್ದೆ. ಆದರೆ ಸರ್ಕಾರದ ಹೊಸ ಯೋಜನೆಯಲ್ಲಿ ನನ್ನ ತೋಳಿನ ರಕ್ತದಿಂದಲೇ, ಪುಕ್ಕಟೆಯಾಗಿ, ಮಗುವಿನ ಪರೀಕ್ಷೆ ಮಾಡಿದರು.

ಇವತ್ತು ಫಲಿತಾಂಶ ಬಂತು. "ಅಕ್ಕಗಿರೋ ಡೌನ್ ಸಿಂಡ್ರೋಮ್ ಈ ಕೂಸಿಗೆ ಇರೋ ಸಾಧ್ಯತೆ ಭಾಳ ಕಡಿಮಿ ಐತ್ರಿ" ಎಂದರು ಡಾಕ್ಟರಮ್ಮ. ನಿಮ್ಮ ಮಗ ಶಾಂಭವಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಗಾಂಧಿನಗರದಲ್ಲಿ ಪೇಢೆ ಕೊಂಡರು. ಬಸ್ಸಿನಲ್ಲಿ ಅವಳೇ ಎಲ್ಲರಿಗೂ ಹಂಚುತ್ತ "ನಾ ಅಕ್ಕ ಆಗ್ತೀನಿ!" ಎಂದು ಕೂಗಿದಳು. ಬಸ್ಸೆಲ್ಲ ಚಪ್ಪಾಳೆ ಹೊಡೆಯಿತು.

ಗಂಡೋ ಹೆಣ್ಣೋ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಿಮಗೆ ಒಂದು ಮಾತು ತಿಳಿದಿರಲಿ. ಏನೇ ಬಂದರೂ ಈ ಮಗು ಬೇಕೆಂದು ರಕ್ತ ಕೊಟ್ಟ ದಿನವೇ ನಾವಿಬ್ಬರೂ ತೀರ್ಮಾನಿಸಿದ್ದೆವು. ಶಾಂಭವಿ ಹುಟ್ಟಿದಾಗ ಏನೂ ತಿಳಿಯದೆ ಪರದಾಡಿದೆವಲ್ಲ, ಈ ಸಲ ಮೊದಲೇ ತಯಾರಾಗಬೇಕೆಂದು ಪರೀಕ್ಷೆ ಮಾಡಿಸಿದೆವು, ಅಷ್ಟೇ.

ಕೌದಿ ಹೊಲಿಯಲು ನಿಮ್ಮ ಹಳೆಯ ಸೀರೆಗಳು ಬೇಕು. ನೀವೇ ತೆಗೆದುಕೊಂಡು ಬನ್ನಿ. ಶಾಂಭವಿ ತನಗೂ ಬೇಕೆನ್ನುತ್ತಿದ್ದಾಳೆ, ಎರಡು ಹೊಲಿಯೋಣ.

ನಿಮ್ಮ ಸೊಸೆ
ಶೈಲಜಾ