ಬಸ್ರಾ ವ್ಯಾಪಾರದ ಪುರಾವೆ

ಹೊನ್ನಾವರ ಬಂದರು,
೧೨ ಫೆಬ್ರುವರಿ ೧೯೪೮

ಪರದೇಶ ವ್ಯಾಪಾರಕ್ಕೆ ಉತ್ತೇಜನ ಕೊಡುವ ಸಾಹೇಬರಿಗೆ, ಮುಂಬಯಿ.

ಶನಿಯಾರ ತಾಂಡೇಲನ ನಮಸ್ಕಾರ. ತಾವು ಬಂದು ಹೋದ ಮೇಲೂ ಇಲ್ಲಿ ಎಲ್ಲರೂ ಕ್ಷೇಮ.

ದೀಪಾವಳಿ ಕಳೆದ ಮೇಲೆ ತಾವು ನಮ್ಮ ಜಗಲಿಯಲ್ಲಿ ಕೂತು, ಸಮುದ್ರದ ಆಚೆಗೂ ಪೇಟೆ ಇದೆ, ಅದರ ಬಾಗಿಲನ್ನು ನಮಗೆ ತೆರೆದುಕೊಡುತ್ತೇವೆ ಎಂದು ಒಂದು ತಾಸು ತಿಳಿಹೇಳಿದಿರಿ. ನನ್ನ ಅಜ್ಜ ಹಗ್ಗ, ಕೊಬ್ಬರಿ ಹೇರಿಕೊಂಡು ಸಮುದ್ರದಾಚೆಯ ಬಸ್ರಾ ಬಂದರಿಗೆ ಹೋಗಿಬರುತ್ತಿದ್ದ. ಹೋದ ವರ್ಷ ನಾನೂ ಹೋಗಿದ್ದೆ. ಅತಿಥಿಗಳ ಮಾತಿಗೆ ಅಡ್ಡಬಾಯಿ ಹಾಕಬಾರದೆಂದು ತಿನ್ನುವ ಬಟ್ಟಲನ್ನು ತಮ್ಮ ಮುಂದೆ ಸರಿಸಿದೆ.

ಈಗ ಪರವಾನಗಿ ಇಲ್ಲದೆ ಹಡಗು ಬಿಡುವಂತಿಲ್ಲ ಎಂದು ತಮ್ಮ ಕಾಗದ ಬಂದಿದೆ. ಹಿಂದೆ ಪರದೇಶದಲ್ಲಿ ವ್ಯಾಪಾರ ಮಾಡಿದ್ದಕ್ಕೆ ಪುರಾವೆ ಕೊಟ್ಟವರಿಗೆ ಮಾತ್ರ ಪರವಾನಗಿಯಂತೆ. ಓದಿ ಹೇಳಿದಾಗ ನನ್ನ ಹೆಂಡತಿ ಮಂಜಿ, "ಬಾಗ್ಲು ತೆಗೂಕೆ ಬಂದವ್ರು ಚಿಲಕ ಎಂತಕ್ಕೆ ತಂದ್ರು?" ಎಂದಳು. ಅವಳಿಗೆ ಉತ್ತರ ತಾವೇ ಬರೆಯಿರಿ.

ಹಡಗಿಗೆ ಸರಕು ತುಂಬಿಯಾಗಿದೆ. ಖಲಾಸಿಗಳು ದಡದಲ್ಲಿ ಕೂತಿದ್ದಾರೆ. ಹೋಳಿ ಕಳೆದರೆ ಗಾಳಿ ತಿರುಗುತ್ತದೆ. ಅದು ತಮ್ಮ ಕಚೇರಿಯ ರುಜುವಿಗೆ ಕಾಯುವುದಿಲ್ಲ.

ಇನ್ನು ಪುರಾವೆ. ಅಂದು ಮಾತಿನ ನಡುವೆ ತಾವು ಒಂದು ಬಟ್ಟಲು ಖರ್ಜೂರ ತಿಂದು, ಇಷ್ಟು ಒಳ್ಳೆಯದನ್ನು ಮುಂಬಯಿಯ ಯಾವ ಅಂಗಡಿಯಿಂದ ತರಿಸಿದಿರಿ ಎಂದು ಕೇಳಿದಿರಿ. ಅದು ನಾನು ಹಗ್ಗ ಮಾರಿ ಬಸ್ರಾದಿಂದ ತಂದದ್ದು. ತಾವು ಉಗುಳಿದ ಬೀಜಗಳನ್ನು ಮಂಜಿ ಹಿತ್ತಲಲ್ಲಿ ನೆಡಬೇಕೆಂದು ಎತ್ತಿಟ್ಟಿದ್ದಳು. ಹದಿನೇಳೂ ಈ ಲಕೋಟೆಯಲ್ಲಿವೆ. ಪರಿಶೀಲಿಸಿ, ಮೊಹರು ಹಾಕಿ, ಪರವಾನಗಿ ಕಳಿಸಬೇಕು.

ಇತಿ,
ಶನಿಯಾರ ತಾಂಡೇಲ