ಅಪ್ಪನ ಅಂಗಡಿ, ಅಣ್ಣನ ಅನುಭವ

ಜೂನ್ 4

ಪಂಪ್ ಮೋಟರ್ ಮುಗಿಯಿತು. ಸುಟ್ಟ ತಂತಿಯೆಲ್ಲ ಕಿತ್ತು, ಹೊಸ ಕಾಯಿಲ್ ಸುತ್ತಿ, ವಾರ್ನಿಷ್ ಹಚ್ಚಿ... ಬೆರಳ ತುದಿ ಉರಿಯುತ್ತಿದೆ. ಸ್ವಿಚ್ ಹಾಕಿದೆ, ಗುಂಯ್ ಅಂತ ತಿರುಗಿತು. ಎಂಥ ಖುಷಿ! ಅತ್ತ ಕೌಂಟರಿನಲ್ಲಿ ಅಣ್ಣ ಗಿರಾಕಿಗೆ, "ನಾಳೆ ಬನ್ನಿ, ಮಾಡಿಟ್ಟಿರ್ತೀನಿ" ಅನ್ನುತ್ತಿದ್ದ. ಮಾಡಿಟ್ಟಿರ್ತಾನಂತೆ! ಕೈಗೆ ಗ್ರೀಸ್ ಸೋಕಿಸಿಕೊಳ್ಳದ ಮಹಾರಾಯ.

ಜೂನ್ 9, ಬೆಳಿಗ್ಗೆ

ಮೋಟರ್ ಫ್ಯಾಕ್ಟರಿಯಲ್ಲಿ ವೈಂಡಿಂಗ್, ಅಂದರೆ ಕಾಯಿಲ್ ಸುತ್ತುವ ಕೆಲಸ. ಇರುವುದು ಒಂದೇ ಜಾಗ. ಇಂಟರ್‌ವ್ಯೂಗೆ ಇಬ್ಬರನ್ನೂ ಕರೆದಿದ್ದಾರೆ, ಅಣ್ಣನನ್ನೂ ನನ್ನನ್ನೂ. ಅಪ್ಪ ಅವನ ಬೆನ್ನು ತಟ್ಟಿದರು. ನನಗೆ, "ಸುಮ್ನೆ ಹೋಗಿ ಬಾ, ಧೈರ್ಯ ಬರುತ್ತೆ." ಇರಲಿ. ಈ ಕೆಲಸ ನನಗೆ ಬೇಕು. ಬೇಕೇ ಬೇಕು.

ಸಂಜೆ

ಇಂಟರ್‌ವ್ಯೂ ಮುಗಿಸಿ ಬಂದೆ.

ಫೋರ್‌ಮನ್ ಒಳ್ಳೆಯವರೇ. "ಅನುಭವ ಇದೆಯೇನಮ್ಮಾ?" ಅಂದರು. ನಾನು ಹೇಳಿದ್ದೇನು? "ಇಲ್ಲ ಸರ್, ಅಪ್ಪನಿಗೆ ಸ್ವಲ್ಪ ಸಹಾಯ ಮಾಡ್ತೀನಿ, ಅಷ್ಟೆ."

ಅಯ್ಯೋ! ಯಾರ ಬಾಯಿ ಅದು? ಮನೆಗೆ ಬಂದವರ ಮುಂದೆ ಅಮ್ಮ ನನ್ನ ಬಗ್ಗೆ ಹೇಳುವ ಮಾತು, ಅಕ್ಷರಕ್ಕೆ ಅಕ್ಷರ. ಫೋರ್‌ಮನ್ ತಲೆಯಾಡಿಸಿ "ಆಯ್ತಮ್ಮ" ಅಂದರು. ಮುಗಿಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತೆ. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡೆನಲ್ಲ... ಅಳುವೂ ಬರಲಿಲ್ಲ.

ಜೂನ್ 10

ನೀನೇನು ಹೇಳಿದೆ ಅಂತ ಅಣ್ಣನನ್ನು ಕೇಳಿದೆ.

"ಅಂಗಡಿ ಪೂರ್ತಿ ನಾನೇ ನೋಡ್ಕೊಳ್ತೀನಿ ಅಂದೆ. ಯಾಕೆ?"

ಸುಳ್ಳು ಹೇಳಿದವನ ಮುಖವೇ ಅಲ್ಲ. ನನಗೆ ದಿಗಿಲಾದದ್ದೇ ಅದಕ್ಕೆ. ನಿಜವಾಗಿಯೂ ನಂಬಿದ್ದಾನೆ! ಎಲ್ಲರೂ ಹೇಳುವುದೇ ಹಾಗೆ — ಅವನು ಅಂಗಡಿ ನೋಡಿಕೊಳ್ಳುತ್ತಾನೆ, ನಾನು ಕೈ ಜೋಡಿಸುತ್ತೇನೆ. ಕೇಳಿ ಕೇಳಿ ನಾನೂ ನಂಬಿಬಿಟ್ಟಿದ್ದೆನಾ? ಥೂ.

ಜೂನ್ 21

ಅವನಿಗೆ ಸಿಕ್ಕಿತು. ಸೋಮವಾರ ಸೇರಬೇಕು.

ಊಟಕ್ಕೆ ಕೂತಾಗ ಮೆಲ್ಲಗೆ ಹತ್ತಿರ ಸರಿದು, "ಲೇ, ಅಷ್ಟರೊಳಗೆ ಕಾಯಿಲ್ ಸುತ್ತೋದು ಹೇಳ್ಕೊಡೇ" ಅಂದ. ನಾಚಿಕೆ ಬೇಡವಾ ಇವನಿಗೆ!

"ನಾಳೆ ಫ್ಯಾಕ್ಟರಿಗೆ ಹೋಗ್ತೀನಿ" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಫೋರ್‌ಮನ್ ಮುಂದೇನೇ ಒಂದು ಮೋಟರ್ ಸುತ್ತಿ ತೋರಿಸ್ತೀನಿ."

ಅಪ್ಪನ ಬೈಗುಳಕ್ಕೆ ಸಿದ್ಧಳಾಗಿ ಕೂತೆ. ಅಮ್ಮನ ಮುಖ ಮಾತ್ರ ಅರಳಿತು.

"ಎಷ್ಟು ಒಳ್ಳೇ ಬುದ್ಧಿ ಕಣೇ ನಿಂದು! ಅಣ್ಣನಿಗೆ ಹೆಂಗೂ ಗೊತ್ತಿಲ್ಲ, ಪಕ್ಕದಲ್ಲಿ ನಿಂತು ನೋಡಿ ಕಲ್ತ್ಕೊಳ್ತಾನೆ."

"ಅಮ್ಮಾ, ಅವನಿಗಲ್ಲ, ಆ ಕೆಲಸ ನನಗೆ ಸಿಗಲಿ ಅಂತ—" ಅಂದದ್ದು ಅಮ್ಮನ ಕಿವಿಗೇ ಬೀಳಲಿಲ್ಲ.